ಪಾಠದ ತಯಾರಿ ಕೊನೆಯಿಂದ ಶುರು
ಪಾಠದ ತಯಾರಿಯನ್ನು ನಾನೀಗ ಕೊನೆಯಿಂದ ಶುರು ಮಾಡುತ್ತೇನೆ. ಪೀರಿಯಡ್ ಮುಗಿದಾಗ ಮಕ್ಕಳಿಗೆ ಏನು ಬರಬೇಕು, ಅದು ಬಂದಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಇಷ್ಟನ್ನು ಮೊದಲು ಬರೆದುಕೊಳ್ಳುತ್ತೇನೆ. ಚಾರ್ಟು, ಚಟುವಟಿಕೆ ಎಲ್ಲ ಆಮೇಲೆ.

ಭಿನ್ನರಾಶಿಯನ್ನೇ ನೋಡಿ. 3ಕ್ಕಿಂತ 4 ದೊಡ್ಡದು, ಹಾಗಾಗಿ 1/3ಕ್ಕಿಂತ 1/4 ದೊಡ್ಡದು ಅಂತ ತುಂಬಾ ಮಕ್ಕಳು ಅಂದುಕೊಳ್ಳುತ್ತಾರೆ. ಈ ತಪ್ಪನ್ನು ಮೊದಲೇ ಊಹಿಸಿದ್ದರೆ, ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಟ್ಟು, ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಸಮಭಾಗ ಮಡಚಿಸಿ, ಒಂದೊಂದು ಭಾಗವನ್ನು ಪಕ್ಕಪಕ್ಕ ಇಟ್ಟು ನೋಡಲು ಹೇಳಬಹುದು; ಇಲ್ಲದಿದ್ದರೆ ಸುಮ್ನೆ ನಿಯಮ ಹೇಳಿ ಮುಂದೆ ಹೋಗಿಬಿಡುತ್ತೇವೆ, ಅಲ್ವಾ? ತಯಾರಿಯಲ್ಲಿ ನನಗೆ ಜಾಸ್ತಿ ಹೊತ್ತು ಹಿಡಿಯುವುದು ಹೀಗೆ ತಪ್ಪನ್ನು ಮೊದಲೇ ಊಹಿಸುವುದೇ.

ಕೊನೆಯ ಐದು ನಿಮಿಷ ಒಂದೇ ಪ್ರಶ್ನೆ, ಚೀಟಿಯಲ್ಲಿ ಉತ್ತರ. ಅರ್ಧ ಮಕ್ಕಳು ತಪ್ಪಿದ್ದರೆ ನಾಳೆ ಮತ್ತೆ ಅದೇ ಪಟ್ಟಿ.