ಲೋ ಕಾರ್ಬ್ ಮಾಡಿದ್ರೆ ತೂಕ ಇಳಿಯುತ್ತಾ? ಇಳಿಯುತ್ತೆ. ಆಮೇಲೆ?

ನಾನು ಡಯಟಿಷಿಯನ್. ಅದು ಗೊತ್ತಾದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ ಇದೇ: "ಲೋ ಕಾರ್ಬ್ ಮಾಡಿದ್ರೆ ತೂಕ ಇಳಿಯುತ್ತಾ? ಹೌದೋ ಇಲ್ವೋ, ಒಂದೇ ಮಾತಲ್ಲಿ ಹೇಳಿಬಿಡಿ." ಲಿಫ್ಟಿನಲ್ಲಿ ಕೇಳುತ್ತಾರೆ. ಊಟಕ್ಕೆ ಕೂತಾಗ ಪಕ್ಕದವರ ತಟ್ಟೆ ತೋರಿಸಿ ಕೇಳುತ್ತಾರೆ. ಅರ್ಧರಾತ್ರಿ ಮೆಸೇಜ್ ಮಾಡಿ ಕೇಳುತ್ತಾರೆ. ಸರಿ, ಒಂದೇ ಮಾತಲ್ಲಿ: ಇಳಿಯುತ್ತೆ.

ಅಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಈ ಒಂದು ಮಾತು ಕೇಳಿಸಿಕೊಂಡು ಓಡಿದವರೇ ವರ್ಷ ಕಳೆದ ಮೇಲೆ ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ. "ಇಳಿದಿದ್ದೆಲ್ಲ ವಾಪಸ್ ಬಂತು, ನೀವು ಇಳಿಯುತ್ತೆ ಅಂದಿದ್ರಲ್ಲ" ಅನ್ನುತ್ತಾರೆ. ಅಂದಿದ್ದೆ, ನಿಜ. ಮುಂದಿನ ಮಾತು ಕೇಳುವಷ್ಟು ಹೊತ್ತು ನೀವು ನಿಲ್ಲಲಿಲ್ಲ. ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಯಾರೇ ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು, ಯಾವುದನ್ನು ಲೋ ಕಾರ್ಬ್ ಅನ್ನುತ್ತಿದ್ದೀರಿ ಅನ್ನುವುದು ನಿಮಗೆ ಗೊತ್ತಿರಲಿ. ಕಾರ್ಬ್ ಅಂದರೆ ಕಾರ್ಬೋಹೈಡ್ರೇಟ್, ಅನ್ನ, ಬ್ರೆಡ್ಡು, ಸಕ್ಕರೆಯಲ್ಲಿರುವ ಪಿಷ್ಟ ಮತ್ತು ಸಿಹಿ. ದಿನಕ್ಕೆ ಅದನ್ನು 130 ಗ್ರಾಂಗಿಂತ ಕಡಿಮೆ ತಿಂದರೆ ಸಾಮಾನ್ಯವಾಗಿ ಲೋ ಕಾರ್ಬ್ ಅನ್ನುತ್ತಾರೆ. ಕೀಟೋ ಇನ್ನೂ ಬಿಗಿ: 50 ಗ್ರಾಂ ಒಳಗೆ, ಕೆಲವರು 20ಕ್ಕೇ ಇಳಿಸುತ್ತಾರೆ. ಬೆಂದ ಅನ್ನ 150 ಗ್ರಾಂ ಬಡಿಸಿಕೊಂಡರೆ ಅದರಲ್ಲೇ 40 ಗ್ರಾಂ ಆಯಿತು. ರಾತ್ರಿಯ ಅನ್ನ ಬಿಟ್ಟು, ಸಂಜೆಯ ಬಿಸ್ಕತ್ತು ಮತ್ತು ಸಕ್ಕರೆ ಹಾಕಿದ ಟೀ ಹಾಗೇ ಇಟ್ಟುಕೊಂಡರೆ ಅದು ಲೋ ಕಾರ್ಬ್ ಅಲ್ಲ, ಅದರಿಂದ ಇಳಿಯಲಿಲ್ಲ ಅಂತ ಬೇಜಾರೂ ಮಾಡಿಕೊಳ್ಳಬೇಡಿ. ಇನ್ನು ಇದು ಹೊಸ ವಿದ್ಯೆ ಏನೂ ಅಲ್ಲ. ಲಂಡನ್ನಿನಲ್ಲಿ ಅಂತ್ಯಕ್ರಿಯೆಯ ಏರ್ಪಾಡು ಮಾಡಿಕೊಡುತ್ತಿದ್ದ ವಿಲಿಯಂ ಬ್ಯಾಂಟಿಂಗ್ ಎಂಬಾತ, ಬ್ರೆಡ್ಡು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡದ್ದನ್ನು 1863ರಲ್ಲೇ ಪುಸ್ತಿಕೆ ಮಾಡಿ ಹಂಚಿದ್ದ. 1972ರಲ್ಲಿ ಅಮೆರಿಕದ ಡಾಕ್ಟರ್ ರಾಬರ್ಟ್ ಅಟ್ಕಿನ್ಸ್ ಅದೇ ದಾರಿಯನ್ನು ಮತ್ತೆ ಮನೆಮಾತು ಮಾಡಿದರು. ನೂರೈವತ್ತು ವರ್ಷದಿಂದ ಜನ ಹೀಗೆ ಇಳಿಸುತ್ತಲೇ ಇದ್ದಾರೆ. ಇಳಿಯುವುದರ ಬಗ್ಗೆ ಜಗಳವೇ ಇಲ್ಲ.

ಮೊದಲ ವಾರದ ವಿಷಯ ಮಾತ್ರ ಬಿಡಿಸಿ ಹೇಳಬೇಕು. ನಮ್ಮ ಮೈ ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಕೂಡಿಟ್ಟುಕೊಳ್ಳುತ್ತದೆ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ. ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಕೂತಿರುತ್ತದೆ. ಕಾರ್ಬ್ ನಿಲ್ಲಿಸಿದರೆ ಈ ದಾಸ್ತಾನು ಖರ್ಚಾಗುತ್ತದೆ, ಜೊತೆಗಿದ್ದ ನೀರೂ ಹೋಗುತ್ತದೆ. ಕಾರ್ಬ್ ಕಡಿಮೆಯಾದರೆ ರಕ್ತದ ಸಕ್ಕರೆ ನಿಭಾಯಿಸುವ ಇನ್ಸುಲಿನ್ ಎಂಬ ಹಾರ್ಮೋನೂ ಇಳಿಯುತ್ತದೆ, ಆಗ ಕಿಡ್ನಿ ಉಪ್ಪನ್ನು ಹೊರಗೆ ಬಿಡುತ್ತದೆ, ಉಪ್ಪಿನ ಹಿಂದೆಯೇ ಇನ್ನಷ್ಟು ನೀರು ಹೋಗುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ತೂಕದ ಯಂತ್ರದ ಮೇಲೆ ನಿಂತರೆ ಒಂದೂವರೆ, ಎರಡು ಕೆಜಿ ಕಡಿಮೆ! ಅದರಲ್ಲಿ ಕೊಬ್ಬು ಕರಗಿದ್ದು ಸ್ವಲ್ಪವೇ. ಆ ವಾರ ಬರುವ ತಲೆನೋವು, ಸುಸ್ತಿಗೂ ಬಹುಪಾಲು ಈ ಉಪ್ಪು-ನೀರೇ ಕಾರಣ.

ಇದರ ಇನ್ನೊಂದು ಮಗ್ಗುಲನ್ನು ಯಾರೂ ಹೇಳಿಕೊಡುವುದಿಲ್ಲ. ತಿಂಗಳುಗಟ್ಟಲೆ ಚೆನ್ನಾಗಿ ನಡೆಸಿಕೊಂಡು ಬಂದವರು ಒಂದು ದಿನ ಹೊಟ್ಟೆತುಂಬ ಅನ್ನವೋ ಬ್ರೆಡ್ಡೋ ತಿನ್ನುತ್ತಾರೆ. ಮಾರನೆಯ ದಿನ ನೋಡಿದರೆ ಒಂದು ಕೆಜಿ ಏರಿರುತ್ತದೆ. ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಖರ್ಚಾಗುವುದಕ್ಕಿಂತ 7,000 ಕ್ಯಾಲರಿಗೂ ಜಾಸ್ತಿ ತಿನ್ನಬೇಕು, ಒಂದು ಊಟದಲ್ಲಿ ಅದು ಆಗುವ ಮಾತಲ್ಲ. ವಾಪಸ್ ಬಂದದ್ದು ನೀರು. ಆದರೆ ಆ ಅಂಕಿ ನೋಡಿ "ಮುಗೀತು, ಇಷ್ಟು ದಿನ ಪಟ್ಟ ಕಷ್ಟ ಎಲ್ಲ ಹಾಳಾಯ್ತು" ಅಂದುಕೊಂಡು ಪೂರ್ತಿ ಕೈಬಿಟ್ಟವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಪ್ರತಿ ಸಲವೂ ಕರುಳು ಚುರುಕ್ ಅನ್ನುತ್ತದೆ. ಇದೊಂದು ವಿಷಯ ಅವರಿಗೆ ಮೊದಲೇ ಗೊತ್ತಿದ್ದಿದ್ದರೆ ಸಾಕಿತ್ತು.

ನೀರು ಹೋದ ಮೇಲೆ ಕೊಬ್ಬೂ ಇಳಿಯುತ್ತದೆ, ಅದು ಸುಳ್ಳಲ್ಲ. ಲೋ ಕಾರ್ಬನ್ನು ಹಂಗಿಸುವವರ ಜೊತೆಯೂ ನನಗೆ ಜಗಳ ಇದೆ. ಬಿಸ್ಕತ್ತು, ಕೇಕು, ಚಿಪ್ಸು, ಹಣ್ಣಿನ ರಸ, ಸಿಹಿ ಪಾನೀಯ ಎಲ್ಲ ಒಂದೇ ಏಟಿಗೆ ಹೊರಗೆ ಹೋಗುತ್ತವೆ. ತಟ್ಟೆಗೆ ಮೊಟ್ಟೆ, ಮೀನು, ಸೊಪ್ಪು, ತರಕಾರಿ ಬರುತ್ತವೆ. ಪ್ರೊಟೀನ್ ತಿಂದರೆ ಬೇಗ ಹಸಿವಾಗುವುದಿಲ್ಲ, ಜೊತೆಗೆ ಅದನ್ನು ಅರಗಿಸಿಕೊಳ್ಳಲಿಕ್ಕೇ ಅದರ ಕ್ಯಾಲರಿಯಲ್ಲಿ ಶೇಕಡಾ 20ರಿಂದ 30ರಷ್ಟು ಖರ್ಚಾಗುತ್ತದೆ. ಕಾರ್ಬಿಗೆ ಅದು 5ರಿಂದ 10. ಹೀಗೆ ಲೆಕ್ಕ ಹಾಕದೆಯೇ ಜನ ಕಡಿಮೆ ತಿನ್ನುತ್ತಾರೆ. ಕ್ಯಾಲರಿ ಎಣಿಸಲು ಬೇಸರಪಡುವವರಿಗೆ "ಇಂಥದ್ದು ಬೇಡ" ಅನ್ನುವ ಒಂದೇ ನಿಯಮ ಎಷ್ಟೋ ಹಗುರ. ಶುರು ಮಾಡಲು ಕೆಲವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ವರ್ಷದ ಕೊನೆಗೆ ಏನಾಗುತ್ತದೆ ನೋಡಿ. 2003ರಲ್ಲಿ ಅಮೆರಿಕದಲ್ಲಿ 63 ಜನರ ಮೇಲೆ ಒಂದು ಅಧ್ಯಯನ ಬಂತು. ಒಂದು ಗುಂಪಿಗೆ ಲೋ ಕಾರ್ಬ್, ಇನ್ನೊಂದಕ್ಕೆ ಕೊಬ್ಬು ಕಡಿಮೆ ಇರುವ ಮಾಮೂಲಿ ಡಯಟ್. ಆರು ತಿಂಗಳಿಗೆ ಲೋ ಕಾರ್ಬ್ ಗುಂಪು ಚೆನ್ನಾಗಿಯೇ ಮುಂದಿತ್ತು. ಹನ್ನೆರಡು ತಿಂಗಳಿಗೆ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನು ತೆಗೆದುಕೊಂಡಿತು, ಒಂದು ಗುಂಪಿಗೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಕಾರ್ಬ್ ಕಡಿಮೆ, ಎರಡಕ್ಕೂ ಸಕ್ಕರೆ ಮತ್ತು ಮೈದಾ ಬಿಡಿ, ತರಕಾರಿ ಜಾಸ್ತಿ ತಿನ್ನಿ, ಆದಷ್ಟು ಮನೆಯಲ್ಲೇ ಅಡುಗೆ ಮಾಡಿ ಅನ್ನುವ ಒಂದೇ ಮಾತು. ವರ್ಷದ ಕೊನೆಗೆ ಸರಾಸರಿ ಇಳಿದದ್ದು ಕೊಬ್ಬು ಬಿಟ್ಟವರಿಗೆ 5.3 ಕೆಜಿ, ಕಾರ್ಬ್ ಬಿಟ್ಟವರಿಗೆ 6 ಕೆಜಿ. ಹೆಚ್ಚುಕಡಿಮೆ ಒಂದೇ. ನನ್ನ ಕಣ್ಣಿಗೆ ಬಿದ್ದದ್ದು ಸರಾಸರಿ ಅಲ್ಲ: ಎರಡೂ ಗುಂಪಿನಲ್ಲಿ 30 ಕೆಜಿಯಷ್ಟು ಇಳಿದವರೂ ಇದ್ದರು, 10 ಕೆಜಿಯಷ್ಟು ಏರಿದವರೂ ಇದ್ದರು. ಅದೇ ಡಯಟ್, ಅದೇ ಸಲಹೆ. ನಿಮ್ಮ ಗೆಳತಿಗೆ ಇಳಿದಷ್ಟು ನಿಮಗೆ ಯಾಕೆ ಇಳಿಯಲಿಲ್ಲ ಅಂತ ನನ್ನನ್ನು ಬೈಯುವ ಮೊದಲು ಈ ಸಾಲನ್ನು ಇನ್ನೊಂದು ಸಲ ಓದಿ.

ಇಸ್ರೇಲಿನ 2008ರ ಅಧ್ಯಯನದಲ್ಲಿ ಎರಡು ವರ್ಷದ ನಂತರವೂ ಲೋ ಕಾರ್ಬ್ ಮುಂದಿತ್ತಲ್ಲ ಅನ್ನುವವರಿದ್ದಾರೆ. ಹೌದು, ಲೋ ಕಾರ್ಬ್‌ನವರಿಗೆ 4.7 ಕೆಜಿ, ಕೊಬ್ಬು ಕಡಿಮೆ ಮಾಡಿದವರಿಗೆ 2.9. ಆದರೆ ಅದು ಕೆಲಸದ ಜಾಗದ ಕ್ಯಾಂಟೀನಿನಲ್ಲೇ ಅವರವರ ಡಯಟ್‌ಗೆ ತಕ್ಕ ಊಟ ಸಿಗುತ್ತಿದ್ದ ಅಧ್ಯಯನ. ಅಲ್ಲೂ ಲೋ ಕಾರ್ಬ್ ಗುಂಪು ಮೊದಲ ಆರು ತಿಂಗಳಲ್ಲಿ ಇಳಿಸಿದ್ದರಲ್ಲಿ ಸ್ವಲ್ಪ ಆಮೇಲೆ ವಾಪಸ್ ಬಂದಿತ್ತು.

ಇಷ್ಟು ಅಂಕಿ ಹೇಳಿದೆ. ಆದರೆ ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಒಂದು ಮಧ್ಯಾಹ್ನ. ಗಂಡ ಹೆಂಡತಿ ಬಂದಿದ್ದರು. ಮಾತೆಲ್ಲ ಗಂಡನದ್ದೇ. "ಮೇಡಂ, ಇವಳಿಗೆ ಲೋ ಕಾರ್ಬ್ ಮಾಡಿಸಿದ್ವಿ. ಮೊದಲು ಚೆನ್ನಾಗಿ ಇಳಿದಳು, ಈಗ ಮತ್ತೆ ಏರ್ತಿದ್ದಾಳೆ. ಬಾಯಿ ಕಟ್ಟೋಕೆ ಆಗಲ್ಲ ಇವಳಿಗೆ. ಇದು ವರ್ಕ್ ಆಗುತ್ತೋ ಇಲ್ವೋ, ನೀವೇ ಹೇಳಿ." ಆಕೆ ತುಟಿ ಬಿಚ್ಚಲಿಲ್ಲ. ತೊಡೆಯ ಮೇಲೆ ಒಂದು ಸಣ್ಣ ನೋಟ್‌ಬುಕ್ ಇತ್ತು. ಕೇಳಿದೆ, ಕೊಟ್ಟರು. ನೀಲಿ ಪೆನ್ನಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದಿದ್ದರು: ದಿನಾಂಕ, ತಿಂದದ್ದು, ತೂಕ. ಒಂದು ದಿನವೂ ತಪ್ಪಿರಲಿಲ್ಲ. ಇಷ್ಟು ಶ್ರದ್ಧೆ ಇರುವವರ ಬಗ್ಗೆ ಬಾಯಿ ಕಟ್ಟೋಕೆ ಆಗಲ್ಲ ಅನ್ನುತ್ತಿದ್ದಾರಲ್ಲ ಅಂತ ನನಗೆ ಸಿಟ್ಟು ಬಂತು. ಕೊನೆಯ ಹಾಳೆಗಳ ಅಂಚಿನಲ್ಲಿ ಅಲ್ಲಲ್ಲಿ "ಹ" ಅಂತ ಬರೆದಿತ್ತು. ಏನಿದು ಅಂದೆ. "ಊಟ ಆದ ಮೇಲೂ ಹಸಿವಾದ ದಿನ, ಮೇಡಂ." ಮೊದಲ ಹಾಳೆಗಳಲ್ಲಿ ಆ ಗುರುತೇ ಇರಲಿಲ್ಲ, ಕೊನೆಕೊನೆಗೆ ದಿನಾ ಇತ್ತು. ಆಮೇಲೆ ಆಕೆ ಮೆಲ್ಲಗೆ ಕೇಳಿದರು: "ತೂಕ ಇಳಿದಷ್ಟೂ ಹಸಿವು ಯಾಕೆ ಜಾಸ್ತಿ ಆಗ್ತಿದೆ?"

ನೋಡಿ, ಇದನ್ನು ಕೇಳಬೇಕು. ಎಲ್ಲರೂ ಇದನ್ನೇ ಕೇಳಲಿ ಅಂತ ನನಗಾಸೆ.

ಇದಕ್ಕೆ ಒಂದು ಅಧ್ಯಯನ ತುಂಬ ಚೆನ್ನಾಗಿ ಉತ್ತರ ಕೊಡುತ್ತದೆ. ಶುಗರ್ ಕಾಯಿಲೆಗೆ ಕೊಡುವ ಕೆನಾಗ್ಲಿಫ್ಲೋಜಿನ್ ಎಂಬ ಮಾತ್ರೆ ಮೂತ್ರದಲ್ಲಿ ಸಕ್ಕರೆಯನ್ನು ಹೊರಗೆ ಹಾಕುತ್ತದೆ, ದಿನಕ್ಕೆ ಸುಮಾರು 90 ಗ್ರಾಂ, ಅಂದರೆ 360 ಕ್ಯಾಲರಿ. ತೆಗೆದುಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ, ಅವರು ಯಾವ ಡಯಟ್ಟೂ ಮಾಡುತ್ತಿರುವುದಿಲ್ಲ. ಹಾಗಾದರೆ ತೂಕ ಇಳಿಯುತ್ತಲೇ ಹೋಗಬೇಕಿತ್ತು ಅಲ್ವಾ? ಹೋಗಲಿಲ್ಲ, ನಾಲ್ಕು ಕೆಜಿ ಸುಮಾರಿಗೆ ನಿಂತಿತು. ಇದನ್ನು ಲೆಕ್ಕ ಹಾಕಿ 2016ರಲ್ಲಿ ಸಂಶೋಧಕರು ಹೇಳಿದ್ದು ಇದು: ಇಳಿದ ಒಂದೊಂದು ಕೆಜಿಗೂ ಹಸಿವು ದಿನಕ್ಕೆ ಸುಮಾರು 100 ಕ್ಯಾಲರಿಯಷ್ಟು ಏರುತ್ತದೆ. ಮೈ ಖರ್ಚು ಮಾಡುವುದು ಕೆಜಿಗೆ 20, 30 ಕ್ಯಾಲರಿ ಇಳಿಯುತ್ತದೆ, ಆದರೆ ಅದಕ್ಕಿಂತ ಮೂರು ಪಟ್ಟು ಜೋರಾಗಿ ಎಳೆಯುವುದು ಹಸಿವು. ಹತ್ತು ಕೆಜಿ ಇಳಿಸಿದವರ ಹಸಿವು ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ. ಅದಕ್ಕೂ ಮೊದಲು, 2011ರಲ್ಲಿ, ಆಸ್ಟ್ರೇಲಿಯಾದವರು ತೂಕ ಇಳಿಸಿಕೊಂಡವರ ರಕ್ತ ಪರೀಕ್ಷೆ ಮಾಡಿದ್ದರು. ವರ್ಷದ ನಂತರವೂ ಹಸಿವು ತರುವ ಗ್ರೆಲಿನ್ ಎಂಬ ಹಾರ್ಮೋನ್ ಏರಿಯೇ ಇತ್ತು, ಹೊಟ್ಟೆ ತುಂಬಿದೆ ಅನಿಸುವಂತೆ ಮಾಡುವ ಲೆಪ್ಟಿನ್ ಎಂಬ ಹಾರ್ಮೋನ್ ಇಳಿದೇ ಇತ್ತು.

ಆ ಗಂಡನಿಗೆ ಇದನ್ನೆಲ್ಲ ಕೂರಿಸಿಕೊಂಡು ಹೇಳಿದೆ. ಇಷ್ಟು ಹಸಿವು ಹೊತ್ತುಕೊಂಡು ದಿನಾ ಬರೆದಿಟ್ಟವರನ್ನು ಬೈಯಬೇಡಿ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಹಾಗಾದರೆ ಏನು ಮಾಡುವುದು? ಇಳಿಸುವಾಗಿನ ಊಟ, ಇಳಿದ ಮೇಲಿನ ಊಟ ಎರಡೂ ಒಂದೇ ಆಗಿರಬೇಕಿಲ್ಲ. ಆಕೆಗೆ ನಾನು ಮಾಡಿಸಿದ್ದು ಇಷ್ಟೇ: ಬೇಳೆ, ಕಾಳು, ಇಡೀ ಹಣ್ಣು, ಆಲೂಗಡ್ಡೆ ಒಂದೊಂದಾಗಿ ವಾಪಸ್ ತಂದೆವು, ಮೂರು ಹೊತ್ತೂ ಪ್ರೊಟೀನ್ ಉಳಿಸಿಕೊಂಡೆವು, ಬಿಸ್ಕತ್ತು ಮತ್ತು ಸಿಹಿ ಪಾನೀಯ ವಾಪಸ್ ತರಲಿಲ್ಲ. ಭಾರ ಎತ್ತುವ ವ್ಯಾಯಾಮ ಶುರು ಮಾಡಿಸಿದೆ, ಯಾಕೆಂದರೆ ತೂಕ ಇಳಿಯುವಾಗ ಮಾಂಸಖಂಡವೂ ಸ್ವಲ್ಪ ಹೋಗುತ್ತದೆ. ಬೇಳೆ, ಆಲೂಗಡ್ಡೆ ಬಂದ ಮೊದಲ ವಾರ ತೂಕ ಏರುತ್ತೆ, ಅದು ನೀರು, ಹೆದರಬೇಡಿ ಅಂತ ನೋಟ್‌ಬುಕ್ಕಿನಲ್ಲೇ ಬರೆದುಕೊಟ್ಟೆ. ಆಕೆಯ ತೂಕ ಆಮೇಲೆ ಅಷ್ಟೇನೂ ಇಳಿಯಲಿಲ್ಲ. ಏರುವುದು ನಿಂತಿತು, "ಹ" ಕಡಿಮೆ ಆಯಿತು. ನನ್ನ ಲೆಕ್ಕದಲ್ಲಿ ಅದು ದೊಡ್ಡ ಗೆಲುವು. ಕೆಲವರು ವರ್ಷಗಟ್ಟಲೆ ಲೋ ಕಾರ್ಬ್‌ನಲ್ಲೇ ಆರಾಮಾಗಿ ಇರುತ್ತಾರೆ, ಅವರಿಗೆ ಬದಲಾಯಿಸಿ ಅಂತ ನಾನು ಹೇಳುವುದಿಲ್ಲ. ಮನೆಯವರೆಲ್ಲ ತಿನ್ನುವಾಗ ಒಬ್ಬರೇ ಬೇರೆ ತಟ್ಟೆ ಹಿಡಿದು ಕೂರುವುದು ಯಾರಿಗೆ ಶಿಕ್ಷೆ ಅನಿಸುತ್ತದೋ ಅವರು ಸುಮ್ನೆ ಹಟ ಹಿಡಿಯಬಾರದು.

ಕೊನೆಯದಾಗಿ, ಲಿಫ್ಟಿನಲ್ಲಿ ಒಂದೇ ಮಾತಲ್ಲಿ ಉತ್ತರ ಕೊಟ್ಟು ಮುಗಿಸಲು ನನಗೆ ಮನಸ್ಸಾಗದಿರುವುದಕ್ಕೆ ನಿಜವಾದ ಕಾರಣ. ಶುಗರ್ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತರದ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಬದಲಾಯಿಸದೆ ಕಾರ್ಬ್ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಬಿದ್ದುಹೋಗಬಹುದು. ಮೇಲೆ ಹೇಳಿದ ಕೆನಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ನುಂಗುತ್ತಾ ಕೀಟೋ ಮಾಡಿದರೆ ಕೀಟೋಆಸಿಡೋಸಿಸ್ ಆಗಬಹುದು, ಅಂದರೆ ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರುವುದು, ಅದು ಆಸ್ಪತ್ರೆಗೆ ಓಡಬೇಕಾದ ಸ್ಥಿತಿ, ಶುಗರ್ ಹೆಚ್ಚೇನೂ ಏರದೆಯೂ ಬರುತ್ತದೆ. ಬಿಪಿ ಮಾತ್ರೆಯವರಿಗೆ ಬಿಪಿ ಜಾಸ್ತಿ ಇಳಿದು ತಲೆ ಸುತ್ತಬಹುದು. ಕೆಲವರಿಗೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಶುರು ಮಾಡುವ ಮೊದಲೊಮ್ಮೆ, ಕೆಲವು ತಿಂಗಳ ನಂತರ ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆ ತೆಗೆದುಕೊಳ್ಳುವವರು ಮೊದಲು ನಿಮ್ಮ ಡಾಕ್ಟರ್ ಹತ್ತಿರ ಹೋಗಿ. ಆಮೇಲೆ ನನ್ನ ಹತ್ತಿರ ಬನ್ನಿ, ಬರುವಾಗ ಮಾತ್ರೆಗಳ ಚೀಟಿ ತನ್ನಿ.