ಅಮಿಯಾಂ ಸಂತೆಯಲ್ಲಿ ಸಿಕ್ಕ ಅಪ್ಪಂದಿರು

ಉತ್ತರ ಫ್ರಾನ್ಸಿನ ಅಮಿಯಾಂ ಊರಿನಲ್ಲಿ ವರ್ಷಕ್ಕೆ ಎರಡು ಸಲ ಹಳೇ ಸಾಮಾನಿನ ದೊಡ್ಡ ಸಂತೆ ನಡೆಯುತ್ತದೆ. ಊರವರು ಅದಕ್ಕೆ ರೆದರಿ ಅನ್ನುತ್ತಾರೆ. ಅಕ್ಟೋಬರ್ ಸಂತೆಗೆ ಆಫೀಸಿನ ಗೆಳತಿಯೊಬ್ಬಳು ನನ್ನನ್ನು ಎಳೆದುಕೊಂಡು ಹೋದಳು. ಅವಳ ಅಮ್ಮನೂ ಜೊತೆಗಿದ್ದರು. ಪ್ರೈಮರಿ ಶಾಲೆಯ ಟೀಚರ್ ಆಗಿ ರಿಟೈರ್ ಆದವರು.

ಒಬ್ಬ ಮುದುಕಪ್ಪ ಶೂ ಡಬ್ಬಿಗಳಲ್ಲಿ ಹಳೇ ಪೋಸ್ಟ್‌ಕಾರ್ಡುಗಳನ್ನು ಜೋಡಿಸಿಟ್ಟಿದ್ದ. ನಡುನಡುವೆ ರಟ್ಟಿನ ಚೀಟಿ: ಊರುಗಳು, ಹೂವು, ಬೆಕ್ಕು, ಮಕ್ಕಳು. ಮಕ್ಕಳ ಚೀಟಿಯ ಹಿಂದೆ ಪೂರ್ತಿ ಮೊದಲ ಮಹಾಯುದ್ಧದ ಕಾರ್ಡುಗಳೇ. ಕೆನ್ನೆಗೆ ಗುಲಾಬಿ ಬಣ್ಣ ಬಳಿಸಿಕೊಂಡ ಪುಟ್ಟ ಹುಡುಗಿ ಮೇಜಿನ ಮುಂದೆ ಕೂತು ಕಾಗದ ಬರೆಯುತ್ತಿದ್ದಾಳೆ, ಮೇಲಿನ ಮೂಲೆಯಲ್ಲಿ ಹೊಗೆಯೊಳಗಿಂದ ಅಪ್ಪ ಇಣುಕುತ್ತಿದ್ದಾನೆ, ಕೆಳಗೆ ಪ್ರಾಸ ಹಾಕಿದ ಎರಡು ಸಾಲು. ಇನ್ನೊಂದರಲ್ಲಿ ನಾಲ್ಕು ವರ್ಷದ ಹುಡುಗನಿಗೇ ಸೈನಿಕರ ತಿಳಿನೀಲಿ ಸಮವಸ್ತ್ರ ತೊಡಿಸಿ ನಿಲ್ಲಿಸಿದ್ದಾರೆ.

ಎಲ್ಲ ಸ್ಟುಡಿಯೋದಲ್ಲಿ ತೆಗೆದದ್ದು. ಅಪ್ಪನೂ ಬಾಡಿಗೆಯವನು, ಮಗಳೂ ಬಾಡಿಗೆಯವಳು, ಹಿಂದಿನ ಯುದ್ಧಭೂಮಿ ಪರದೆ ಮೇಲೆ ಬರೆದದ್ದು. ಕಾರ್ಡುಗಳನ್ನು ಸರಣಿಯಾಗಿ ಅಚ್ಚು ಹಾಕುತ್ತಿದ್ದರು, ಜನ ಒಂದಾದ ಮೇಲೊಂದು ಕೊಳ್ಳಲಿ ಅಂತ. ಹಾಗಾಗಿ ಅದೇ ಹುಡುಗಿ ಒಂದರಲ್ಲಿ ಪ್ರಾರ್ಥನೆ ಮಾಡುತ್ತಾಳೆ, ಮುಂದಿನದರಲ್ಲಿ ರಜೆಗೆ ಬಂದ ಅಪ್ಪನ ಕುತ್ತಿಗೆಗೆ ಜೋತುಬಿದ್ದಿದ್ದಾಳೆ. ಇಂಗ್ಲೆಂಡಿನ ಹೋಮ್‌ಫರ್ತ್‌ನಲ್ಲಿದ್ದ ಬ್ಯಾಮ್‌ಫೋರ್ತ್ ಕಂಪನಿಯೂ ಇದೇ ವ್ಯಾಪಾರ ಮಾಡಿತು. ಅವರು ಜನಪ್ರಿಯ ಹಾಡಿನ ಸಾಲುಗಳನ್ನು ಚಿತ್ರದ ಕೆಳಗೆ ಹಾಕುತ್ತಿದ್ದರು.

ನನಗಂತೂ ಆ ಪದ್ಯಗಳು ಹಿಡಿಸಲಿಲ್ಲ. ನಾನು ತೆಗೆದು ನೋಡಿದ ಕಾರ್ಡುಗಳಲ್ಲಿ ಯಾವ ಮಗುವೂ ಸುಮ್ನೆ 'ಬಂದುಬಿಡು ಅಪ್ಪಾ' ಅನ್ನುವುದಿಲ್ಲ. ಗೆದ್ದು ಬಾ ಅನ್ನುತ್ತದೆ. ಮಗುವಿನ ಬಾಯಲ್ಲಿ ಸರ್ಕಾರ ಮಾತಾಡಿದ ಹಾಗೆ! ಹಾಲು ಕುಡಿಯುವ ಕೂಸುಗಳನ್ನು ಸೈನಿಕರ ಬೀಜಗಳು ಅಂತ ತೋರಿಸುವ ಕಾರ್ಡೂ ಒಂದಿತ್ತು. ನೋಡಿ ಮೈ ಉರಿಯಿತು, ವಾಪಸ್ ಡಬ್ಬಿಗೆ ತುರುಕಿದೆ.

ಆದರೆ ಹಿಂಬದಿ ಬೇರೆಯೇ ಲೋಕ. ಎಷ್ಟೋ ಕಾರ್ಡುಗಳಲ್ಲಿ ವಿಳಾಸವಿಲ್ಲ, ಸ್ಟಾಂಪಿಲ್ಲ, ಅಂಚಿನವರೆಗೂ ಬರವಣಿಗೆ. ಕವರಿನೊಳಗೆ ಹಾಕಿ ಕಳಿಸುತ್ತಿದ್ದರಂತೆ, ಸೈನಿಕರ ಟಪಾಲಿಗೆ ಹೇಗೂ ದುಡ್ಡು ಕೊಡಬೇಕಿರಲಿಲ್ಲ. ಫ್ರಾನ್ಸಿನಲ್ಲಿ ದಿನಕ್ಕೆ ಸುಮಾರು 40 ಲಕ್ಷ ಕಾಗದಗಳು ಓಡಾಡುತ್ತಿದ್ದವು ಅಂತ ಓದಿದ್ದೆ. ಆ ಡಬ್ಬಿಯ ಮುಂದೆ ನಿಂತಾಗ ಅದು ಜಾಸ್ತಿ ಅನ್ನಿಸಲಿಲ್ಲ.

ಆ ಕಾಲದ ಕೈಬರಹ ನನಗೆ ಓದಲು ಬರುವುದಿಲ್ಲ. ಟೀಚರಮ್ಮ ಕನ್ನಡಕ ಏರಿಸಿಕೊಂಡು ಪಟಪಟ ಓದಿದರು. ಒಂದು ಹುಡುಗಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಅದರ ಮೇಲೆ ಅಕ್ಷರ ಕೂರಿಸಿದ್ದಳು. ಲೆಕ್ಕದಲ್ಲಿ ಎರಡನೇ ಸ್ಥಾನ ಬಂದಿದೆ, ಮೊಲ ಮರಿ ಹಾಕಿದೆ, ತಮ್ಮನಿಗೆ ಕೆಮ್ಮು. ಪಕ್ಕದ ಖಾಲಿ ಜಾಗದಲ್ಲಿ ಅವಳಮ್ಮ ಅಡ್ಡಡ್ಡವಾಗಿ ಆಲೂಗಡ್ಡೆ ಬೆಳೆಯ ವಿಷಯ ಸೇರಿಸಿದ್ದಳು. ಮುಂಬದಿಯಲ್ಲಿ ಬಾವುಟ, ವಿಜಯ, ದೇವತೆಯರು. ಹಿಂದೆ ಮೊಲದ ಮರಿ.

ಅಪ್ಪನೊಬ್ಬ ಬರೆದದ್ದೂ ಸಿಕ್ಕಿತು. ನಾನು ಆರೋಗ್ಯವಾಗಿದ್ದೇನೆ, ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ ಅಂತ ಶುರು. ನಮ್ಮಜ್ಜ ಊರಿಂದ ಹಾಕುತ್ತಿದ್ದ ಕಾರ್ಡೂ ಹೀಗೇ ಶುರುವಾಗುತ್ತಿತ್ತು, ಅಲ್ವಾ, ನಿಮ್ಮ ಮನೆಯಲ್ಲೂ ಇದ್ದೀತು. ಆಮೇಲೆ ಆ ಅಪ್ಪ ಮಗನ ಹಿಂದಿನ ಕಾಗದದಲ್ಲಿದ್ದ ಕಾಗುಣಿತದ ತಪ್ಪುಗಳನ್ನು ಒಂದೊಂದಾಗಿ ತಿದ್ದಿದ್ದಾನೆ. ಟೀಚರಮ್ಮ ಜೋರಾಗಿ ನಕ್ಕರು, 'ಅದರಲ್ಲೂ ಒಂದನ್ನು ತಪ್ಪಾಗಿ ತಿದ್ದಿದ್ದಾನೆ' ಅಂತ. ಎಲ್ಲಿದ್ದೇನೆ ಅಂತ ಬರೆಯುವ ಹಾಗಿರಲಿಲ್ಲ, ಸೆನ್ಸಾರ್ ಇತ್ತು. ಬರೆಯಬಹುದಿದ್ದರೂ ಕಂದಕದ ಕೆಸರನ್ನು, ಇಲಿಗಳನ್ನು ಮಗನಿಗೆ ಯಾರು ಬರೆಯುತ್ತಾರೆ? ಪಾಪ, ಕಾಗುಣಿತ ತಿದ್ದುವುದೊಂದೇ ಅವನು ದೂರದಿಂದ ಮಾಡಬಹುದಿದ್ದ ಅಪ್ಪನ ಕೆಲಸ.

ಬ್ರಿಟಿಷ್ ಸೈನಿಕರಿಗೆ ಒಂದು ಅಚ್ಚು ಹಾಕಿದ ಕಾರ್ಡು ಕೊಡುತ್ತಿದ್ದರು. ಚೆನ್ನಾಗಿದ್ದೇನೆ, ಆಸ್ಪತ್ರೆ ಸೇರಿದ್ದೇನೆ, ನಿಮ್ಮ ಕಾಗದ ಬಂತು ಅಂತೆಲ್ಲ ಅದರಲ್ಲೇ ಇರುತ್ತಿತ್ತು. ಬೇಡದ್ದನ್ನು ಹೊಡೆದು ಹಾಕಿ, ತಾರೀಖು ಬರೆದು ಸಹಿ ಮಾಡಬೇಕು. ಬೇರೇನಾದರೂ ಸೇರಿಸಿದರೆ ಕಾರ್ಡನ್ನೇ ನಾಶ ಮಾಡುತ್ತೇವೆ ಅಂತ ಮೇಲೇ ಅಚ್ಚಾಗಿರುತ್ತಿತ್ತು. ಅದಕ್ಕಿಂತ ಈ ಅಳುಬುರುಕ ಕಾರ್ಡುಗಳೇ ಎಷ್ಟೋ ವಾಸಿ.

ಆ ಯುದ್ಧದಲ್ಲಿ ಫ್ರಾನ್ಸಿನ 13 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಅಪ್ಪನನ್ನು ಕಳೆದುಕೊಂಡ ಮಕ್ಕಳನ್ನು ದೇಶವೇ ದತ್ತು ತೆಗೆದುಕೊಳ್ಳುವ ಕಾನೂನು 1917ರ ಜುಲೈನಲ್ಲಿ ಬಂತು. ನಮ್ಮ ಕೈಲಿದ್ದ ಕಾರ್ಡುಗಳ ಅಪ್ಪಂದಿರಲ್ಲಿ ಯಾರು ಮನೆಗೆ ಬಂದರೋ. ಅಡ್ಡಹೆಸರು ಸಹ ಇಲ್ಲ, ಸಹಿ ಬರೀ 'ನಿನ್ನ ಅಪ್ಪ'.

ರೇಟು ಕೇಳಿದೆ. ಬರೆಯದೇ ಇರುವ ಸ್ವಚ್ಛ ಕಾರ್ಡಿಗೆ ಮೂರು ಯೂರೋ, ಬರೆದದ್ದಕ್ಕೆ ಒಂದು. ಸಂಗ್ರಹ ಮಾಡುವವರಿಗೆ ಗೀಚಿದ್ದು ಬೇಡವಂತೆ! ಮೊಲದ ಕಾರ್ಡು, ಕಾಗುಣಿತದ ಕಾರ್ಡು ಎರಡನ್ನೂ ತೆಗೆದುಕೊಂಡೆ. ಟೀಚರಮ್ಮ ನಾನು ತುರುಕಿದ್ದ ಬೀಜದ ಕಾರ್ಡನ್ನು ಹುಡುಕಿ ಹೊರತೆಗೆದರು. ಅದು ಬೇಡ ಅಂದೆ. ತಾವು ಪಾಠ ಮಾಡಿದ ಶಾಲೆಗೆ ಕೊಡುತ್ತೇನೆ, ಮಕ್ಕಳು ನೋಡಬೇಕಾದ್ದು ಇದನ್ನೇ ಅಂದರು. ನಾನು ಇನ್ನೂ ಒಪ್ಪಿಲ್ಲ. ಅಷ್ಟರಲ್ಲಿ ಅವರು ಮುದುಕಪ್ಪನ ಜೊತೆ ಚೌಕಾಸಿಗೆ ಇಳಿದಿದ್ದರು, ಮೂರನ್ನು ಎರಡಕ್ಕೆ ಇಳಿಸಿಯೇ ಬಿಟ್ಟರು.