ಶಿವಕುಮಾರ ಅಲ್ಲ, ಶಿವಮಾರ

ಯಾರೂ ಇಟ್ಟಿರದ ಹೆಸರು ಬೇಕು ಅಂತ ಮೊಬೈಲ್ ಹಿಡಿದು ಕೂತವರೆಲ್ಲ ಕೊನೆಗೆ ಆರವ್, ವಿಹಾನ್, ಅದ್ವಿಕ್ ಹತ್ತಿರವೇ ಬಂದು ನಿಲ್ಲುತ್ತಾರೆ. ನಾನು ಬಸುರಿಯಾಗಿದ್ದಾಗ ಕೋಲಾರದ ನಮ್ಮ ಬೀದಿಯಲ್ಲೇ ಆರವ್ ಅಂತ ಕೂಗಿದರೆ ಒಂದಕ್ಕಿಂತ ಜಾಸ್ತಿ ಮಕ್ಕಳು ಓಡಿ ಬರುತ್ತಿದ್ದರು. ತಾತಂದಿರ ಕಾಲದಲ್ಲಿ ಈ ಜಾಗದಲ್ಲಿ ಮುನಿಯಪ್ಪಂದಿರು ಇದ್ದರು. ಮುನಿಯಪ್ಪ, ಮುನಿವೆಂಕಟಪ್ಪ, ಮುನಿಸ್ವಾಮಿ, ಚಿಕ್ಕಮುನಿಯಪ್ಪ, ಮುನಿರಾಜು. ಮುನೇಶ್ವರನ ಹೆಸರಿಲ್ಲದ ಮನೆಯನ್ನು ನಮ್ಮ ಕಡೆ ಹುಡುಕಬೇಕಿತ್ತು. ಈಗ ಅಂಗನವಾಡಿಯಲ್ಲಿ ಒಬ್ಬ ಮುನಿಯೂ ಸಿಗುವುದಿಲ್ಲ. ಹಾಗಾದರೆ ಅದನ್ನೇ ಇಡೋಣ ಅಂದೆ. ಬೇಡ ಅಂದವರು ನಮ್ಮ ಮಾವ, ಅವರ ಹೆಸರೇ ಮುನಿಯಪ್ಪ. "ಸ್ಕೂಲಲ್ಲಿ ನಾನು ಅನುಭವಿಸಿದ್ದು ಸಾಕಮ್ಮ" ಅಂದರು.

ಮಗು ಹುಟ್ಟಿದ್ದು ಹಸ್ತ ನಕ್ಷತ್ರ, ಮೂರನೇ ಪಾದ. ಹಸ್ತಕ್ಕೆ ಪು, ಷ, ಣ, ಠ. ಮೂರನೇ ಪಾದ ಅಂದರೆ ಣ! ಣ ಇಂದ ಶುರುವಾಗುವ ಹೆಸರು ಇಟ್ಟುಬಿಟ್ಟರೆ ಇಡೀ ಕರ್ನಾಟಕದಲ್ಲಿ ಒಬ್ಬನೇ ಆಗಿರುತ್ತಾನೆ, ಅದಂತೂ ಗ್ಯಾರಂಟಿ. ಪುರೋಹಿತರು ನಕ್ಕು, ಪು ಅಂತಲೇ ಇಟ್ಟುಕೊಳ್ಳಿ, ನಡೆಯುತ್ತದೆ ಅಂದರು. ಹಾಗಾಗಿ ನಕ್ಷತ್ರದ ಹೆಸರು ಪುರುಷೋತ್ತಮ ಅಂತ ಆಯಿತು. ಕರೆಯೋ ಹೆಸರು ಬೇರೆ, ಅದು ನಮ್ಮಿಷ್ಟ.

ನಾನು ಬಿಎನಲ್ಲಿ ಇತಿಹಾಸ ಓದಿದವಳು. ಗಂಗರು ನಾಲ್ಕನೇ ಶತಮಾನದಲ್ಲಿ ರಾಜ್ಯ ಶುರು ಮಾಡಿದ್ದು ನಮ್ಮ ಕೋಲಾರದಲ್ಲೇ, ಆಗಿನ ಕುವಳಾಲ. ಆಮೇಲೆ ರಾಜಧಾನಿ ತಲಕಾಡಿಗೆ ಹೋಯಿತು. ಹೋದರೂ ಶಾಸನಗಳಲ್ಲಿ ತಮ್ಮನ್ನು ಕುವಳಾಲಪುರವರೇಶ್ವರ, ನಂದಗಿರಿನಾಥ ಅಂತ ಹೊಗಳಿಸಿಕೊಳ್ಳುವುದನ್ನು ಬಿಡಲಿಲ್ಲ. ನಂದಗಿರಿ ಅಂದರೆ ಇಲ್ಲೇ ಇರುವ ನಂದಿಬೆಟ್ಟ. ಇಷ್ಟೊಂದು ರಾಜರು ನಮ್ಮೂರಿನ ಹೆಸರು ಹೇಳಿಕೊಂಡು ಓಡಾಡಿದ್ದಾರೆ, ಅವರಲ್ಲಿ ಒಬ್ಬನ ಹೆಸರು ನಮಗೆ ಸಿಗಬಾರದಾ? ಪಟ್ಟಿ ಮಾಡಿದೆ. ಬೂತುಗ ಅಂತ ಇಟ್ಟರೆ ಮಗ ದೊಡ್ಡವನಾದ ಮೇಲೆ ನನ್ನನ್ನು ಸುಮ್ನೆ ಬಿಡುವುದಿಲ್ಲ. ರಾಚಮಲ್ಲ ಅನ್ನುವಾಗ ಮೂರು ಕೆಜಿ ಕೂಡ ಇಲ್ಲದ ಮಗುವನ್ನು ನೋಡಿ ನಮ್ಮಮ್ಮನಿಗೆ ನಗು ತಡೆಯಲಾಗಲಿಲ್ಲ. ದುರ್ವಿನೀತ ದೊಡ್ಡ ರಾಜ, ನಿಜ. ಆದರೆ ತೊಟ್ಟಿಲ ಹತ್ತಿರ ನಿಂತು ಆ ಹೆಸರು ಕರೆಯೋಕೆ ಯಾರಿಗೆ ಮನಸ್ಸು ಬರುತ್ತದೆ?

ಶಿವಮಾರ ಉಳಿಯಿತು. ಎರಡನೇ ಶಿವಮಾರ ಪಟ್ಟಕ್ಕೆ ಬಂದದ್ದು 788ರ ಸುಮಾರಿಗೆ. ಆನೆಗಳ ಮೇಲೆ ಕನ್ನಡದಲ್ಲಿ ಗಜಾಷ್ಟಕ ಬರೆದವನು, ಅದನ್ನು ಒನಕೆವಾಡಾಗಿ ಹಾಡುತ್ತಿದ್ದರು ಅಂತ ಶಾಸನದಲ್ಲಿದೆ. ರಾಜ ಬರೆದದ್ದು ಭತ್ತ ಕುಟ್ಟುವವರ ಬಾಯಿಗೆ ಬಂತು ಅನ್ನುವುದು ನನಗೆ ಯುದ್ಧ ಗೆದ್ದದ್ದಕ್ಕಿಂತ ದೊಡ್ಡದಾಗಿ ಕಂಡಿತು. ನಮ್ಮನೆಯವರು ರಾತ್ರಿಯೆಲ್ಲ ಇದನ್ನೇ ಓದಿ ಬೆಳಿಗ್ಗೆ ತಕರಾರು ತೆಗೆದರು: "ಇವನು ಎರಡು ಸಲ ಜೈಲಿಗೆ ಹೋದವನು ಕಣೇ." ಅದೂ ಸರಿಯೇ. ರಾಷ್ಟ್ರಕೂಟರ ಧ್ರುವ ಹಿಡಿದು ಹಾಕಿದ, ಮೂರನೇ ಗೋವಿಂದ ಬಿಟ್ಟ, ಬಿಟ್ಟ ಮೇಲೆ ಇವನು ಮತ್ತೆ ತಿರುಗಿಬಿದ್ದು ಮತ್ತೆ ಒಳಗೆ ಹೋದ. ತಲೆ ಬಗ್ಗಿಸದವನು ಅಂತ ನಾನು ವಾದ ಮಾಡಿದೆ. ಮಾವನಿಗೆ ಹೆಸರಿನಲ್ಲಿ ಶಿವ ಇದ್ದದ್ದೇ ಸಾಕಾಯಿತು, ನಮ್ಮ ನಾದಿನಿ ಮಗುವಿನ ಕಿವಿಯಲ್ಲಿ ಅದನ್ನೇ ಹೇಳಿದರು.

ಈಗ ಇದರ ಫಜೀತಿ ಕೇಳಿ. ಹೆಸರು ಅಪರೂಪದ್ದು, ಆದರೆ ನಾಡಿಗೆಲ್ಲ ಗೊತ್ತಿರುವ ಹೆಸರಿಗೆ ಒಂದೇ ಅಕ್ಷರ ಕಮ್ಮಿ. ತಾಯಿ ಕಾರ್ಡಿನಲ್ಲಿ ಶಿವಕುಮಾರ ಅಂತ ಬರೆದರು. ಜನನ ಪ್ರಮಾಣಪತ್ರಕ್ಕೆ ಹೋದಾಗ ಕಂಪ್ಯೂಟರ್ ಮುಂದೆ ಕೂತಿದ್ದವರು "ಮೇಡಂ, ಕು ಬಿಟ್ಟು ಹೋಗಿದೆ" ಅಂತ ಅವರೇ ತುಂಬಿಸಿಬಿಟ್ಟರು. ಒಳ್ಳೇ ಮನಸ್ಸಿನಿಂದಲೇ, ಪಾಪ. ಪ್ರಿಂಟ್ ಕೊಡುವ ಮೊದಲು ಪರದೆ ತೋರಿಸಿ ಅಂತ ಹಟ ಹಿಡಿದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೊಂದೇ ಅಕ್ಷರ ಓದಿ ನೋಡಿದೆ. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಎಲ್ಲಕ್ಕೂ ಹುಟ್ಟಿದ ತಾರೀಖಿಗೆ ಇದೇ ದಾಖಲೆ, ಇಲ್ಲಿ ತಪ್ಪಿದರೆ ಎಲ್ಲ ಕಡೆ ತಪ್ಪು. ಹೆಸರಿಗೆ ಗಡಿಬಿಡಿ ಬೇಡ ಅನ್ನುವುದೂ ಗೊತ್ತಿರಲಿ. ಹುಟ್ಟಿದ್ದನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಆಮೇಲೆ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ. ಅಷ್ಟರಲ್ಲಿ ಒಮ್ಮೆ, ಸಿಗ್ನಲ್ ಸರಿಯಿಲ್ಲದ ಫೋನಿನಲ್ಲಿ ದೂರದ ನೆಂಟರಿಗೆ ಆ ಹೆಸರು ಹೇಳಿ ನೋಡಿ. ಅವರು ಏನು ಕೇಳಿಸಿಕೊಂಡರು ಅಂತ ವಾಪಸ್ ಹೇಳಿಸಿ.

ಅಜ್ಜಿಗೆ ಇದ್ಯಾವ ಕಷ್ಟವೂ ಇಲ್ಲ. ಮನೆಯಲ್ಲಿ ತೆಲುಗು, "ಶಿವಾ, ರಾರಾ" ಅಂತಾರೆ ಅಷ್ಟೇ. ಉಳಿದಿರುವುದು ಇನಿಷಿಯಲ್ ಜಗಳ. ಅಪ್ಪನ ಹೆಸರಿನ ಅಕ್ಷರ ಹಿಂದೆ ಬರಬೇಕು ಅಂತ ನಮ್ಮನೆಯವರು, ನನ್ನದೂ ಒಂದು ಇರಲಿ ಅಂತ ನಾನು. ಶಾಲೆಗೆ ಸೇರಿಸುವವರೆಗೆ ಟೈಮ್ ಇದೆ.